ದಾನದಿಂದ ತುಂಬಲಾಗದ ಕರ್ತವ್ಯ

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದರಲ್ಲಿ ಯಾವ ಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಅನ್ನವು ದಾತನ ಔದಾರ್ಯವೋ, ಹಸಿದವನಿಗೆ ನ್ಯಾಯವಾಗಿ ಸಲ್ಲಬೇಕಾದುದೋ ಎಂದು ಕೇಳಿದಾಗ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅಮೆರಿಕದಲ್ಲಿ ಸರ್ಕಾರವು ಬಡವರ ನೆರವನ್ನು ಕಡಿತಗೊಳಿಸಲು ಮುಂದಾದಾಗಲೆಲ್ಲ ಈ ಪ್ರಶ್ನೆ ತಲೆಯೆತ್ತಿದೆ. ಆಗ ಕಡಿತವನ್ನು ವಿರೋಧಿಸಿ ನಿಂತವರಲ್ಲಿ ಅಲ್ಲಿನ ಕ್ಯಾಥೊಲಿಕ್ ಧರ್ಮಸಭೆ ಪ್ರಮುಖವಾದುದು. ಸ್ವತಃ ಅಪಾರ ದಾನಸಂಸ್ಥೆಗಳನ್ನು ನಡೆಸುವವರೇ ದಾನವೊಂದರಿಂದ ಸಾಲದು ಎಂದು ಸಾರಿದರೆಂಬುದು ಈ ಇತಿಹಾಸದ ವಿಶೇಷ.

ಇದರ ಬೇರು 1891ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಪೋಪ್ ಹದಿಮೂರನೆಯ ಲಿಯೊ ಅವರು ‘ರೇರುಮ್ ನೊವಾರುಮ್’ ಎಂಬ ಪರಿಪತ್ರವನ್ನು ಹೊರಡಿಸಿ, ಕಾರ್ಮಿಕನಿಗೆ ಬಾಳಲು ಸಾಕಾಗುವಷ್ಟು ಕೂಲಿ ದೊರೆಯಬೇಕೆಂದೂ ದುರ್ಬಲರ ರಕ್ಷಣೆಯಲ್ಲಿ ರಾಜ್ಯಕ್ಕೆ ವಿಶೇಷ ಹೊಣೆಯಿದೆಯೆಂದೂ ಪ್ರತಿಪಾದಿಸಿದರು. ಈ ತತ್ತ್ವವನ್ನು ಅಮೆರಿಕದ ನೆಲಕ್ಕೆ ಒಗ್ಗಿಸಿದವರಲ್ಲಿ ಮಿನೆಸೋಟದ ರೈತ ಕುಟುಂಬದಿಂದ ಬಂದ ಪಾದ್ರಿ ಜಾನ್ ಎ. ರಯಾನ್ ಅಗ್ರಗಣ್ಯರು. 1906ರಲ್ಲಿ ಜೀವನಯೋಗ್ಯ ವೇತನವನ್ನು ಕುರಿತು ಗ್ರಂಥ ರಚಿಸಿದ ಇವರೇ, 1919ರಲ್ಲಿ ಧರ್ಮಾಧ್ಯಕ್ಷರ ಹೆಸರಿನಲ್ಲಿ ಪ್ರಕಟವಾದ ಸಾಮಾಜಿಕ ಪುನರ್ನಿರ್ಮಾಣದ ಕಾರ್ಯಕ್ರಮದ ಕರಡನ್ನೂ ಸಿದ್ಧಪಡಿಸಿದರು. ಕನಿಷ್ಠ ವೇತನದ ಕಾನೂನು, ಬಾಲಕಾರ್ಮಿಕ ಪದ್ಧತಿಯ ನಿಷೇಧ, ನಿರುದ್ಯೋಗ, ಕಾಯಿಲೆ ಮತ್ತು ವೃದ್ಧಾಪ್ಯಗಳಿಗೆ ವಿಮೆ ಮುಂತಾದವು ಅದರಲ್ಲಿದ್ದವು. ಅಂದು ಅತಿಯೆಂದು ಹಲವರಿಗೆ ಕಂಡ ಈ ಬೇಡಿಕೆಗಳಲ್ಲಿ ಅನೇಕವು ಮುಂದೆ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಕಾನೂನಿನ ರೂಪ ತಳೆದವು.

1935ರ ಸಾಮಾಜಿಕ ಭದ್ರತಾ ಕಾನೂನು ಅವುಗಳಲ್ಲಿ ಮುಖ್ಯವಾದುದು. ತಂದೆಯ ಆಸರೆಯಿಲ್ಲದ ಬಡಮಕ್ಕಳಿಗೆ ಸರ್ಕಾರದಿಂದ ನಗದು ನೆರವು ನೀಡುವ ಯೋಜನೆಯೂ ಅದರೊಳಗಿತ್ತು. ನಿಯಮಕ್ಕೆ ಒಳಪಡುವ ಕುಟುಂಬಕ್ಕೆ ಈ ನೆರವು ಕ್ರಮೇಣ ಹಕ್ಕಾಗಿಯೇ ಪರಿಣಮಿಸಿತು. ಆದರೆ 1980ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಅಧ್ಯಕ್ಷ ರೇಗನ್ ಅವರ ಆಡಳಿತವು 1981ರಲ್ಲಿಯೇ ಬಡವರ ಯೋಜನೆಗಳ ವೆಚ್ಚವನ್ನು ಕಡಿತಗೊಳಿಸಿತು. 1986ರ ನವೆಂಬರಿನಲ್ಲಿ ಧರ್ಮಾಧ್ಯಕ್ಷರು ‘ಎಲ್ಲರಿಗೂ ಆರ್ಥಿಕ ನ್ಯಾಯ’ ಎಂಬ ದೀರ್ಘ ಪತ್ರವನ್ನು ಅಂಗೀಕರಿಸಿ, ಒಂದು ಸಮಾಜದ ಅರ್ಥವ್ಯವಸ್ಥೆಯನ್ನು ಅದು ಬಡವರನ್ನು ನಡೆಸಿಕೊಳ್ಳುವ ರೀತಿಯಿಂದಲೇ ಅಳೆಯಬೇಕೆಂದು ಘೋಷಿಸಿದರು.

ನಿಜವಾದ ಪರೀಕ್ಷೆ ಎದುರಾದುದು 1994ರ ಚುನಾವಣೆಯ ತರುವಾಯ. ರಿಪಬ್ಲಿಕನ್ ಪಕ್ಷವು ಕಾಂಗ್ರೆಸ್ಸಿನ ಎರಡು ಸದನಗಳಲ್ಲಿಯೂ ಬಹುಮತ ಪಡೆಯಿತು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಕ್ಲಿಂಟನ್ ಅವರೂ ಕಲ್ಯಾಣ ವ್ಯವಸ್ಥೆಯನ್ನು ಬದಲಿಸುವುದಾಗಿ 1992ರಲ್ಲಿಯೇ ಮಾತು ಕೊಟ್ಟಿದ್ದರು. ಆಗ ಮಕ್ಕಳ ನೆರವಿನ ಯೋಜನೆಯಡಿ ಸುಮಾರು 1 ಕೋಟಿ 40 ಲಕ್ಷ ಜನರಿದ್ದು, ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಮಕ್ಕಳೇ ಆಗಿದ್ದರು. ಸುಧಾರಣೆ ಬೇಕೆಂಬುದನ್ನು ಧರ್ಮಾಧ್ಯಕ್ಷರು ಅಲ್ಲಗಳೆಯಲಿಲ್ಲ. ದುಡಿಮೆಗೂ ಕುಟುಂಬದ ಸ್ಥಿರತೆಗೂ ಪ್ರೋತ್ಸಾಹ ಬೇಕೆಂದು ಅವರೇ ಹೇಳಿದ್ದರು. ಬಡತನವನ್ನು ಹೋಗಲಾಡಿಸುವ ಬದಲು ಬಡವರನ್ನೇ ಶಿಕ್ಷಿಸುವುದು ಸುಧಾರಣೆಯಾಗದು ಎಂಬುದು ಅವರ ಆಕ್ಷೇಪವಾಗಿತ್ತು.

ಈ ವಾದದ ತೀಕ್ಷ್ಣತೆ ಒಂದು ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೆರವು ಪಡೆಯುತ್ತಿರುವ ತಾಯಿಗೆ ಇನ್ನೊಂದು ಮಗು ಹುಟ್ಟಿದರೆ ಆ ಮಗುವಿನ ಹೆಸರಿನಲ್ಲಿ ಹೆಚ್ಚಿನ ಹಣ ಕೊಡಬಾರದೆಂಬ ನಿಯಮವನ್ನು ಇಡೀ ದೇಶಕ್ಕೆ ಹೇರಲು ಕೆಳಮನೆ ಬಯಸಿತ್ತು. ಧರ್ಮಸಭೆ ಇದನ್ನು ಎರಡು ಕಾರಣಗಳಿಂದ ವಿರೋಧಿಸಿತು. ತಾಯಿಯ ನಡತೆಗಾಗಿ ಶಿಶುವಿಗೆ ದಂಡ ವಿಧಿಸುವುದು ಅನ್ಯಾಯ. ಅಲ್ಲದೆ ಹಣದ ಭಯವು ಬಡ ಗರ್ಭಿಣಿಯನ್ನು ಗರ್ಭಪಾತದತ್ತ ತಳ್ಳಬಹುದು. ಗರ್ಭಪಾತ ವಿರೋಧದಲ್ಲಿ ರಿಪಬ್ಲಿಕನ್ನರ ಜೊತೆಗಿದ್ದ ಧರ್ಮಾಧ್ಯಕ್ಷರು ಅದೇ ಜೀವಪರ ತತ್ತ್ವವನ್ನು ಆಧರಿಸಿ ಅವರ ಮಸೂದೆಯನ್ನು ಪ್ರಶ್ನಿಸಿದರು. 1995ರ ಸೆಪ್ಟೆಂಬರಿನಲ್ಲಿ ರಿಪಬ್ಲಿಕನ್ ಸೆನೆಟರ್ ಪೀಟ್ ಡೊಮೆನಿಚಿ ಅವರು ಮಂಡಿಸಿದ ತಿದ್ದುಪಡಿಗೆ 34ರ ವಿರುದ್ಧ 66 ಮತಗಳು ದೊರೆತು, ಸೆನೆಟ್ ಆ ನಿಯಮವನ್ನು ಕೈಬಿಟ್ಟಿತು. ಕೊನೆಗೆ ಈ ವಿಷಯವನ್ನು ಆಯಾ ರಾಜ್ಯಗಳ ತೀರ್ಮಾನಕ್ಕೆ ಬಿಡಲಾಯಿತು.

ಎದುರು ಪಕ್ಷದ ವಾದವನ್ನೂ ಇಲ್ಲಿ ಪರಿಶೀಲಿಸುವುದು ನ್ಯಾಯ. ಕೆಳಹಂತದ ಸಮುದಾಯ ಮಾಡಬಲ್ಲ ಕಾರ್ಯವನ್ನು ಮೇಲಿನ ಅಧಿಕಾರವು ಕಸಿದುಕೊಳ್ಳಬಾರದೆಂದು 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರೇ ಬೋಧಿಸಿದ್ದರು. ಇದನ್ನು ಆಧಾರವಾಗಿಟ್ಟುಕೊಂಡ ಕೆಲವು ಕ್ಯಾಥೊಲಿಕರು, ನೆರವಿನ ಕೆಲಸ ಕುಟುಂಬಕ್ಕೂ ಚರ್ಚಿಗೂ ಸೇರಬೇಕಾದುದೆಂದೂ, ಸರ್ಕಾರದ ಹಣ ಪರಾವಲಂಬನೆಯನ್ನು ಬೆಳೆಸುತ್ತದೆಂದೂ ವಾದಿಸಿದರು. ಕ್ಯಾಥೊಲಿಕ್ ದಾನಸಂಸ್ಥೆಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸರ್ಕಾರದಿಂದಲೇ ಬರುತ್ತಿದ್ದುದರಿಂದ ಅವರ ವಿರೋಧ ಸ್ವಾರ್ಥಪ್ರೇರಿತವೆಂಬ ಟೀಕೆಯೂ ಬಂದಿತು. ಆದರೆ ಆ ಅಂಕಿಯಿಂದಲೇ ಮತ್ತೊಂದು ಸತ್ಯವೂ ಹೊರಡುತ್ತದೆ. ಭಕ್ತರ ಕಾಣಿಕೆಯಿಂದ ಆ ಸಂಸ್ಥೆಗಳ ಈಗಿನ ಕೆಲಸವೇ ಸಾಗದಿದ್ದಾಗ, ಸರ್ಕಾರ ಬಿಟ್ಟುಕೊಡುವ ಹೊರೆಯನ್ನೂ ಅವು ಹೊರುವುದೆಂತು? ಅವುಗಳ ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷರಾಗಿದ್ದ ಜೆಸ್ವಿಟ್ ಪಾದ್ರಿ ಫ್ರೆಡ್ ಕ್ಯಾಮರ್ ಅವರು ಮಸೂದೆಯನ್ನು ಪ್ರಬಲವಾಗಿ ವಿರೋಧಿಸಿದರು.

ಎರಡು ಬಾರಿ ಮಸೂದೆಯನ್ನು ತಿರಸ್ಕರಿಸಿದ್ದ ಕ್ಲಿಂಟನ್, 1996ರ ಆಗಸ್ಟ್ 22ರಂದು ಮೂರನೆಯದಕ್ಕೆ ಸಹಿ ಹಾಕಿದರು. ಆರು ದಶಕಗಳ ಹಕ್ಕು ಅಲ್ಲಿಗೆ ಕೊನೆಗೊಂಡಿತು. ಕೇಂದ್ರದ ಹಣದಿಂದ ದೊರೆಯುವ ನೆರವಿಗೆ ಜೀವಮಾನದಲ್ಲಿ ಐದು ವರ್ಷಗಳ ಮಿತಿ ಬಂದಿತು. ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರುಗಳ ಇಡುಗಂಟು ನಿಗದಿಯಾಯಿತು. ಬೆಲೆ ಏರಿದಂತೆ ಮೊತ್ತ ಏರದ ಕಾರಣ ಅದರ ನಿಜಮೌಲ್ಯ ಕುಗ್ಗುತ್ತಾ ಬಂದಿದೆ. 2000ದ ಹೊತ್ತಿಗೆ ನೆರವು ಪಡೆಯುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅವರಲ್ಲಿ ಅನೇಕರಿಗೆ ಉದ್ಯೋಗ ದೊರೆತುದೂ ನಿಜ, ಉದ್ಯೋಗವೂ ನೆರವೂ ಇಲ್ಲದೆ ಉಳಿದವರಿದ್ದುದೂ ನಿಜ. ಕಾನೂನುಬದ್ಧವಾಗಿ ನೆಲಸಿದ್ದ ವಲಸಿಗರಲ್ಲಿ ಬಹುಮಂದಿಗೆ ಆಹಾರದ ಚೀಟಿಯೂ, ವೃದ್ಧರಿಗೂ ಅಂಗವಿಕಲರಿಗೂ ಸಲ್ಲುತ್ತಿದ್ದ ಸಹಾಯಧನವೂ ತಪ್ಪಿದವು. ಇದರ ವಿರುದ್ಧ ಧರ್ಮಸಭೆಯೂ ಇತರ ಸಂಘಟನೆಗಳೂ ನಡೆಸಿದ ಪ್ರಯತ್ನ ಸಂಪೂರ್ಣ ನಿಷ್ಫಲವಾಗಲಿಲ್ಲ. 1997ರಲ್ಲಿ ಆ ಸಹಾಯಧನವನ್ನೂ, 1998ರಲ್ಲಿ ಆಹಾರದ ನೆರವನ್ನೂ ಹಲವರಿಗೆ ಮರಳಿ ಒದಗಿಸಲಾಯಿತು.

ವಿವಾದ ಅಷ್ಟಕ್ಕೇ ನಿಲ್ಲಲಿಲ್ಲ. 2012ರಲ್ಲಿ ಕಾಂಗ್ರೆಸ್ ಸದಸ್ಯ ಪಾಲ್ ರಯಾನ್ ಅವರು, ತಾವೂ ಕ್ಯಾಥೊಲಿಕರಾಗಿ, ಭಾರಿ ಕಡಿತದ ಆಯವ್ಯಯವನ್ನು ಮುಂದಿಟ್ಟು ಅದಕ್ಕೆ ತಮ್ಮ ಧರ್ಮದ ಬೋಧನೆಯನ್ನೇ ಆಧಾರವಾಗಿ ತೋರಿಸಿದರು. ಧರ್ಮಾಧ್ಯಕ್ಷರು ಪತ್ರ ಬರೆದು ಅದನ್ನು ಟೀಕಿಸಿದರು. ಧರ್ಮಭಗಿನಿ ಸಿಮೋನ್ ಕ್ಯಾಂಪ್‌ಬೆಲ್ ಅವರ ನೇತೃತ್ವದಲ್ಲಿ ಭಗಿನಿಯರ ತಂಡವೊಂದು ಬಸ್ಸಿನಲ್ಲಿ ಒಂಬತ್ತು ರಾಜ್ಯಗಳನ್ನು ಸುತ್ತಿ ಜನರೆದುರು ಪ್ರತಿವಾದ ಹೂಡಿತು. 2025ರ ಜುಲೈ 4ರಂದು ಜಾರಿಗೆ ಬಂದ ಕಾನೂನು ಬಡವರ ವೈದ್ಯಕೀಯ ಹಾಗೂ ಆಹಾರದ ನೆರವನ್ನು ಕಡಿತಗೊಳಿಸಿದಾಗಲೂ, ಅದೇ ಮಸೂದೆಯ ಗರ್ಭಪಾತ ವಿರೋಧಿ ಅಂಶವನ್ನು ಸ್ವಾಗತಿಸಿದ್ದ ಧರ್ಮಾಧ್ಯಕ್ಷರ ಸಮ್ಮೇಳನವು ಈ ಕಡಿತಗಳನ್ನು ಖಂಡಿಸಿತು.

ಸೋಲು ಗೆಲುವುಗಳ ಲೆಕ್ಕದಲ್ಲಿ ನೋಡಿದರೆ ಈ ಹೋರಾಟದಲ್ಲಿ ಸೋಲೇ ಅಧಿಕ. ಆದರೂ ಇದರಿಂದ ಗ್ರಹಿಸಬೇಕಾದ ವಿಚಾರವೊಂದಿದೆ. ದಾನಕ್ಕೆ ದಾತನ ಮನಸ್ಸೇ ಆಧಾರ. ಆ ಮನಸ್ಸು ಇಂದು ಅರಳಬಹುದು, ನಾಳೆ ಮುದುಡಬಹುದು. ಮಗುವಿನ ಹಸಿವು ಮಾತ್ರ ದಿನನಿತ್ಯದ್ದು. ಆದುದರಿಂದಲೇ ದಯೆಯುಳ್ಳ ಸಮಾಜವು ತನ್ನ ದಯೆಯನ್ನು ಕಾನೂನಿನಲ್ಲಿಯೂ ಬರೆದಿಡಬೇಕಾಗುತ್ತದೆ. ಹಾಗೆ ಬರೆದುದನ್ನು ಅಳಿಸಲು ಹೊರಟಾಗ, ಅನ್ನವಿಕ್ಕುವವರೇ ಮುಂದೆ ಬಂದು ತಮ್ಮ ಕೈ ಎಲ್ಲಿಯವರೆಗೆ ಮುಟ್ಟುವುದೆಂಬುದನ್ನು ಆಳುವವರಿಗೆ ಪ್ರಾಮಾಣಿಕವಾಗಿ ತಿಳಿಸುವುದೂ ಧರ್ಮಾಚರಣೆಯ ಒಂದು ಅಂಗವೇ ಸರಿ.