ಗಂಟು ಕಾಲಲ್ಲಿಲ್ಲ

ನಮ್ಮೂರಲ್ಲಿ ತುದಿಗಾಲಲ್ಲಿ ನಡೆಯೋ ಹುಡುಗನೊಬ್ಬನಿದ್ದ. ಸಡಿಲ ಆಗಲಿ ಅಂತ ಅವನಜ್ಜಿ ದಿನಾ ಹರಳೆಣ್ಣೆ ಹಚ್ಚಿ ಕಾಲು ನೀವೋರು. ತೊಂದರೆ ಇರೋದು ಕಾಲಲ್ಲಲ್ಲ, ಮೆದುಳಲ್ಲಿ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ವೈದ್ಯರಿಗೂ ಇದು ಒಂದೇ ದಿನದಲ್ಲಿ ಹೊಳೆದದ್ದಲ್ಲ.

ಲಂಡನ್ನಿನ ವಿಲಿಯಂ ಜಾನ್ ಲಿಟಲ್‌ಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಪಾದ ಸೊಟ್ಟಗಾಗಿತ್ತು. ಜರ್ಮನಿಯ ಹ್ಯಾನೋವರ್‌ನಲ್ಲಿ ಸ್ಟ್ರೋಮೆಯರ್ ಎಂಬ ಸರ್ಜನ್, ಚರ್ಮದಲ್ಲಿ ಸಣ್ಣ ತೂತು ಮಾಡಿ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸುತ್ತಿದ್ದ. 1836ರಲ್ಲಿ ಲಿಟಲ್ ಅಲ್ಲಿಗೇ ಹೋಗಿ ತನ್ನ ಕಾಲು ಒಡ್ಡಿದ. ಪಾದ ನೆಟ್ಟಗಾಯಿತು. ವಾಪಸ್ ಬಂದು ಲಂಡನ್ನಿನಲ್ಲೂ ಅದೇ ಆಪರೇಷನ್ ಶುರು ಮಾಡಿದ. ಮಕ್ಕಳ ಕೈಕಾಲಿನ ಬಿಗಿತಕ್ಕೂ ಕಷ್ಟದ ಹೆರಿಗೆ, ದಿನ ತುಂಬದ ಜನನ, ಹುಟ್ಟುವಾಗ ಉಸಿರುಕಟ್ಟುವುದಕ್ಕೂ ನಂಟಿದೆ ಎಂದು 1861ರಲ್ಲಿ ವಾದಿಸಿದ. ಈ ಬಗೆಯ ಸೆರೆಬ್ರಲ್ ಪಾಲ್ಸಿಗೆ ಬಹುಕಾಲ ‘ಲಿಟಲ್ ಕಾಯಿಲೆ’ ಎಂದೇ ಹೆಸರಿತ್ತು.

ಆದರೆ ರಜ್ಜು ಕತ್ತರಿಸಿದರೆ ಬದಲಾಗೋದು ಅದರ ಉದ್ದ ಅಷ್ಟೇ. ಬಿಗಿ ಅನ್ನೋ ಆಜ್ಞೆ ಬರ್ತಾನೇ ಇರುತ್ತೆ. ಸ್ನಾಯು ಹಿಗ್ಗಿದಾಗ ಸುದ್ದಿ ಬೆನ್ನುಹುರಿಗೆ ಹೋಗುತ್ತೆ, ಅಲ್ಲಿಂದ ‘ಬಿಗಿ’ ಅಂತ ಉತ್ತರ ಬರುತ್ತೆ. ‘ಸಾಕು’ ಅನ್ನಬೇಕಾದ ಮೆದುಳಿಗೆ ಪೆಟ್ಟಾಗಿದ್ದರೆ ಬಿಗಿತ ನಿಲ್ಲಲ್ಲ. 1898ರಲ್ಲಿ ಶೆರಿಂಗ್ಟನ್ ಬೆಕ್ಕುಗಳಲ್ಲಿ ಆ ಸುದ್ದಿ ಒಯ್ಯುವ ನರಬೇರು ಕತ್ತರಿಸಿದಾಗ ಸೆಟೆತ ಇಳಿಯಿತು. ಇದನ್ನು ಮನುಷ್ಯರಿಗೆ ತಂದವನು ಬ್ರೆಸ್ಲಾವಿನ ಫೊಯರ್ಸ್ಟರ್. ಆದರೆ ಬೇರನ್ನೇ ಕತ್ತರಿಸಿದರೆ ಸ್ಪರ್ಶಜ್ಞಾನಕ್ಕೂ ಕುತ್ತು. 1970ರ ದಶಕದಲ್ಲಿ ಇಟಲಿಯ ಫಸಾನೊ ಬೇರಿನ ಎಳೆ ಎಳೆಗೂ ಕರೆಂಟ್ ಕೊಟ್ಟು ನೋಡಿ, ಅತಿಯಾಗಿ ಕುಣಿಸುವ ಎಳೆಗಳನ್ನಷ್ಟೇ ಕತ್ತರಿಸಿದ. ಕೇಪ್‌ಟೌನಿನ ಪೀಕಾಕ್ 1980ರ ದಶಕದಲ್ಲಿ ಅದನ್ನು ಮಕ್ಕಳಿಗೆ ಇನ್ನಷ್ಟು ಸುರಕ್ಷಿತ ಮಾಡಿದ.

1990ರ ದಶಕದಲ್ಲಿ ಬೊಟುಲಿನಮ್ ಬಂತು. 1820ರ ಸುಮಾರಿಗೆ ಜರ್ಮನಿಯ ಕೆರ್ನರ್ ಕೆಟ್ಟ ಸಾಸೇಜಿನಲ್ಲಿ ಹುಡುಕಿದ್ದ ವಿಷವೇ ಇದು. ನರದಿಂದ ಸ್ನಾಯುವಿಗೆ ಹೋಗೋ ಸಂದೇಶವನ್ನು ಕೆಲವು ತಿಂಗಳು ತಡೆಯುತ್ತೆ, ಆಮೇಲೆ ಮತ್ತೆ ಸೂಜಿ.

ಇವ್ಯಾವುದೂ ಮೆದುಳಿನ ಪೆಟ್ಟು ವಾಸಿ ಮಾಡಲ್ಲ. ಇನ್ನೊಂದು ಮಾತು: ಕೆಲವು ಮಕ್ಕಳು ನಿಲ್ಲೋದೇ ಆ ಬಿಗಿತದ ಆಸರೆಯಲ್ಲಿ; ಪೂರ್ತಿ ಸಡಿಲಿಸಿದರೆ ಕುಸಿಯಬಹುದು. ಹಾಗಾಗಿ ಡಾಕ್ಟರನ್ನು ‘ಎಷ್ಟು ಸಡಿಲ ಆಗುತ್ತೆ?’ ಅಂತ ಕೇಳಿದರೆ ಸಾಲದು. ‘ಸಡಿಲವಾದ ಮೇಲೆ ಮಗು ಏನು ಮಾಡಬಲ್ಲದು, ನಾವೇನು ಅಭ್ಯಾಸ ಮಾಡಿಸಬೇಕು?’ ಅಂತಲೂ ಕೇಳಬೇಕು. ಆ ಅಜ್ಜಿಗೆ ದಿನಾ ಮಾಡೋ ತಾಳ್ಮೆ ಬೇಕಾದಷ್ಟಿತ್ತು. ಏನು ಮಾಡಬೇಕು ಅಂತ ಹೇಳೋರು ಇರಲಿಲ್ಲ ಅಷ್ಟೇ.