ಕಡಲು ದಾಟಿದ ನಂಜನಗೂಡಿನ ಹುಡುಗಿ

ನಮ್ಮ ವಿಜಯನಗರ, ಬಸವೇಶ್ವರನಗರಗಳಲ್ಲಿ ಈಗ ಬೀದಿಗೊಬ್ಬರಾದರೂ ಓದಲು ಹೊರದೇಶಕ್ಕೆ ಹೋದವರಿದ್ದಾರೆ. ಚಟ್ನಿಪುಡಿ, ಸಾರಿನಪುಡಿ ಕಟ್ಟಿ, ಸೂಟ್‌ಕೇಸ್ ತೂಗಿ ನೋಡುವ ಸಡಗರ ಎಲ್ಲರ ಮನೆಯಲ್ಲೂ ಒಂದೇ. ಹೊರಟವಳು ಹೆಣ್ಣುಮಗಳಾದರೆ ಮಾತ್ರ ಸಡಗರದ ಜೊತೆಗೆ ಒಂದು ಅಳುಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಹಾಗೆಯೇ ಕೇಳಿದ್ದರು: “ಸೈಟಿನ ಪತ್ರ ಅಡವಿಟ್ಟು ಕಳಿಸಬಹುದು ಮೇಡಂ. ಆದರೆ ಒಬ್ಬಳೇ ಹೇಗಿರ್ತಾಳೆ? ಆಮೇಲೆ ಮದುವೆ?” ಉಪದೇಶ ಮಾಡುವ ಬದಲು ರಾಜೇಶ್ವರಿ ಚಟರ್ಜಿಯವರ ಕಥೆ ಹೇಳಿದೆ. ತೀರ್ಮಾನ ಅವರ ಮನೆಯದು.

ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ, ನಂಜನಗೂಡಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆ ಸೇರಿದರು. ಯುದ್ಧ ಮುಗಿದ ಮೇಲೆ ಸರ್ಕಾರ ಜಾಣ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆಂದು ವಿದ್ಯಾರ್ಥಿವೇತನ ಕೊಟ್ಟಿತು. ಅದನ್ನು ಪಡೆದು 1947ರ ಜುಲೈನಲ್ಲಿ ‘ಮೆರೀನ್ ಆ್ಯಡರ್’ ಎಂಬ ಹಡಗು ಹತ್ತಿದರು. ಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗು ಅದು. ಪ್ರಯಾಣವೇ 30 ದಿನ! ದೇಶ ಸ್ವತಂತ್ರವಾದ ದಿನ ಈ ಹುಡುಗಿ ತಾಯ್ನೆಲದಲ್ಲಿರಲಿಲ್ಲ.

ಸೇರಿದ್ದು ಆ್ಯನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾನಿಲಯ. ವಾಸ ಮಾರ್ತಾ ಕುಕ್ ಎಂಬ ಹೆಣ್ಣುಮಕ್ಕಳ ವಸತಿನಿಲಯದಲ್ಲಿ. ಓದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್; ಆಗ ಆ ತರಗತಿಗಳಲ್ಲಿ ಹೆಂಗಸರು ತೀರ ವಿರಳ. ನಂಜನಗೂಡಿನ ಬಿಸಿಲಿನಲ್ಲಿ ಬೆಳೆದವರಿಗೆ ಹಿಮ ಸುರಿಯುವ ಚಳಿಗಾಲ. ಈಗಿನಂತೆ ರಾತ್ರಿ ಫೋನಿನಲ್ಲಿ ಅಮ್ಮನ ಮುಖ ನೋಡುವುದೆಲ್ಲಿ ಬಂತು? ಕಾಗದಕ್ಕಾಗಿ ಕಾಯಬೇಕು. ಆದರೂ ಸ್ನಾತಕೋತ್ತರ ಪದವಿ ಪಡೆದರು. ವಾಷಿಂಗ್ಟನ್ನಿನಲ್ಲಿ 8 ತಿಂಗಳು ತರಬೇತಿ ಮುಗಿಸಿ, 1949ರಲ್ಲಿ ಮತ್ತೆ ಮಿಷಿಗನ್ನಿಗೇ ಬಂದರು. ಈ ಸಲ ಆಸರೆಯಾದದ್ದು ಬಾರ್ಬರ್ ವಿದ್ಯಾರ್ಥಿವೇತನ. ಏಷ್ಯಾದ ಹೆಣ್ಣುಮಕ್ಕಳಿಗಾಗಿ 1917ರಲ್ಲಿ ಸ್ಥಾಪನೆಯಾದದ್ದು ಅದು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಅದರ ನೆರವಿನಿಂದಲೇ ಅಲ್ಲಿ ಓದಿದ್ದರು.

1953ರಲ್ಲಿ ಡಾಕ್ಟರೇಟ್ ಪಡೆದು ಟಾಟಾ ಇನ್‌ಸ್ಟಿಟ್ಯೂಟ್‌ಗೇ ಅಧ್ಯಾಪಕಿಯಾಗಿ ಮರಳಿದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮದುವೆಯೂ ಆಯಿತು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾದ ಮೇಲೆ ಆಕೆ ಮಹಿಳಾ ಅಧ್ಯಯನದ ಕೆಲಸಕ್ಕೆ ಸೇರಿಕೊಂಡರು. 2010ರಲ್ಲಿ ತೀರಿಕೊಂಡರು.

ಅಷ್ಟು ದೂರ ಒಂಟಿಯಾಗಿ ನೆಲೆನಿಲ್ಲುವ ಧೈರ್ಯ ಎಲ್ಲಿಂದ ಬಂತು? ನನಗೆ ನೆನಪಾಗುವವರು ಅವರ ಅಜ್ಜಿ ಕಮಲಮ್ಮ ದಾಸಪ್ಪ. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು; ವಿಧವೆಯರ, ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ಹೆಂಗಸು ಓದುವುದು ಆ ಮನೆಯಲ್ಲಿ ಹೊಸ ಸಂಗತಿಯಾಗಿರಲಿಲ್ಲ. ಹಾಗಾಗಿ ಮೊಮ್ಮಗಳು ಹಡಗು ಹತ್ತುವ ಮಾತೆತ್ತಿದಾಗ ಅದನ್ನು ಕೇಳಿಸಿಕೊಳ್ಳುವ ಕಿವಿಗಳು ಆ ಮನೆಯಲ್ಲಿದ್ದವು. ನಮ್ಮ ಮನೆಗಳಲ್ಲಿ ಚಟ್ನಿಪುಡಿಯ ಡಬ್ಬಿಗೆ ಮೊದಲೇ ಸಿದ್ಧವಾಗಬೇಕಾದ ಬುತ್ತಿ ಇದೇ, ತಾಯಂದಿರೇ.