ಉಪ್ಪಿನ ಹೆಸರಿನ ಪೇಟೆ, ಉಪ್ಪೊಲ್ಲದ ಗಿಡ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳು ತಮ್ಮ ಕಸುಬನ್ನು ಹೆಸರಿನಲ್ಲಿಯೇ ಹೊತ್ತಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳ ಸಾಲಿನಲ್ಲಿ, ಈಗ ಮೆಜೆಸ್ಟಿಕ್ಕಿನ ಗದ್ದಲಕ್ಕೆ ಸೇರಿಹೋಗಿರುವ ಉಪ್ಪಾರಪೇಟೆಯೂ ಒಂದು. ಉಪ್ಪಾರರ ಮೂಲ ಕಸುಬು ಚೌಳು ಮಣ್ಣಿನಿಂದ ಉಪ್ಪು ತೆಗೆಯುವುದಾಗಿತ್ತು: ಮಣ್ಣನ್ನು ಗುಡ್ಡೆ ಹಾಕಿ, ಮೇಲಿನಿಂದ ನೀರು ಹೊಯ್ದು, ಬಸಿದು ಬಂದ ಉಪ್ಪುನೀರನ್ನು ಬಿಸಿಲಿಗಿಟ್ಟೋ ಒಲೆಯ ಮೇಲಿಟ್ಟೋ ಇಂಗಿಸಿ ಹರಳು ಮಾಡುವ ಈ ವಿದ್ಯೆ ಬಯಲುಸೀಮೆಯ ಉದ್ದಗಲಕ್ಕೂ ಪರಿಚಿತವಾಗಿತ್ತು. ಹಳೆಯ ಗೋಡೆಗಳ ಬುಡದ, ದನದ ಕೊಟ್ಟಿಗೆಗಳ ಸುತ್ತಲಿನ ಮಣ್ಣನ್ನು ಇದೇ ಕ್ರಮದಲ್ಲಿ ಬಸಿದರೆ ಸಿಗುವುದು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಮದ್ದಿನಪುಡಿಯ ಮುಖ್ಯ ಸಾಮಗ್ರಿ ಇದೇ ಆದುದರಿಂದ ಟಿಪ್ಪುವಿನ ಬಾಣಗಳ ಚರಿತ್ರೆಯಲ್ಲಿಯೂ ಅದಕ್ಕೆ ಪಾಲಿದೆ. ಬ್ರಿಟಿಷರು ಉಪ್ಪಿನ ಮೇಲೆ ಏಕಸ್ವಾಮ್ಯ ಹೇರಿ ಮಣ್ಣುಪ್ಪಿನ ತಯಾರಿಕೆಯನ್ನು ಅಡಗಿಸಿದ ಮೇಲೆ ಉಪ್ಪಾರರು ಗಾರೆ ಕೆಲಸಕ್ಕೆ, ಕೆರೆ ಬಾವಿಗಳ ಮಣ್ಣು ಕೆಲಸಕ್ಕೆ ತಿರುಗಿದರು. ಕಸುಬು ಹೋದರೂ ಪೇಟೆಯ ಹೆಸರು ಉಳಿಯಿತು.

ಕೀಟಾಹಾರಿ ಸಸ್ಯಗಳ ಅಂಗಾಂಶ ಕೃಷಿಯ ಚರಿತ್ರೆಯನ್ನು ಈ ಉಪ್ಪಿನಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ಗಿಡದ ಒಂದು ಚೂರನ್ನೋ ಬೀಜವನ್ನೋ ಸೂಕ್ಷ್ಮಜೀವಿಗಳಿಲ್ಲದ ಗಾಜಿನ ಪಾತ್ರೆಯೊಳಗೆ, ಲವಣ ಮತ್ತು ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಬೆಳೆಸುವ ವಿಧಾನಕ್ಕೆ ಅಂಗಾಂಶ ಕೃಷಿ ಎಂದು ಹೆಸರು. ಈ ಮಾಧ್ಯಮವೆಂಬುದು ಬಹುಪಾಲು ಉಪ್ಪುಗಳ ಪಾಕವೇ. ಕೀಟಾಹಾರಿ ಸಸ್ಯವಾದರೋ ಉಪ್ಪಿಲ್ಲದ ನೆಲವನ್ನೇ ಆರಿಸಿಕೊಂಡ ಗಿಡ. ಕರಾವಳಿಯ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಬೋಳು ಬಯಲುಗಳಲ್ಲಿ, ಮಳೆಗಾಲದ ತೆಳ್ಳನೆಯ ನೀರಹಾಸಿನ ಮೇಲೆ ನೀಲಿಯಾಗಿ ಹರಡುವ ಯುಟ್ರಿಕ್ಯುಲೇರಿಯಾ, ಜಿಗುಟಾದ ಹನಿಗಳನ್ನು ಹೊತ್ತ ರೋಮಗಳಿಂದ ಸೊಳ್ಳೆ ನುಸಿಗಳನ್ನು ಹಿಡಿಯುವ ಡ್ರಾಸೆರಾ, ಇವೆರಡೂ ಸಾರಜನಕ ಮತ್ತು ರಂಜಕ ತೀರ ಕಡಿಮೆಯಿರುವ ಜಾಗದಲ್ಲಿ ಬದುಕುತ್ತವೆ. ಬೇರು ಕೊಡಲಾರದ ಉಪ್ಪನ್ನು ಎಲೆ ಕೀಟದ ಮೈಯಿಂದ ಸಂಪಾದಿಸುತ್ತದೆ.

ಈ ಸಂಗತಿಯನ್ನು ಪ್ರಯೋಗದಿಂದ ತೋರಿಸಿದವನು ಚಾರ್ಲ್ಸ್ ಡಾರ್ವಿನ್. 1860ರಲ್ಲಿ ಡ್ರಾಸೆರಾದ ಕಡೆಗೆ ತಿರುಗಿದ ಅವನ ಕುತೂಹಲ 1875ರಲ್ಲಿ ಕೀಟಾಹಾರಿ ಸಸ್ಯಗಳ ಕುರಿತ ಪುಸ್ತಕವಾಗಿ ಹೊರಬಂದಿತು. ಅವನು ಎಲೆಗಳ ಮೇಲೆ ಮಾಂಸದ ಚೂರು, ಮೊಟ್ಟೆಯ ಬಿಳಿಭಾಗಗಳನ್ನು ಮಾತ್ರವಲ್ಲದೆ ಅಮೋನಿಯದ ಲವಣಗಳನ್ನೂ ಇಟ್ಟು ನೋಡಿದ್ದನೆಂಬುದು ಇಲ್ಲಿ ಮುಖ್ಯ. ಅವುಗಳಲ್ಲಿ ಅಮೋನಿಯಂ ಫಾಸ್ಫೇಟು ನಂಬಲಾಗದಷ್ಟು ಅಲ್ಪ ಪ್ರಮಾಣದಲ್ಲಿಯೂ ರೋಮಗಳನ್ನು ಬಗ್ಗಿಸಿತು. ಅವನ ಮಗ ಫ್ರಾನ್ಸಿಸ್ 1878ರಲ್ಲಿ, ಆಹಾರ ಸಿಕ್ಕ ಗಿಡಗಳು ಸಿಗದವುಗಳಿಗಿಂತ ಹೆಚ್ಚು ಬೀಜ ಕಟ್ಟುತ್ತವೆಂದು ತೋರಿಸಿದ. ಹೀಗೆ ಕೀಟಕ್ಕೆ ಬದಲಾಗಿ ಲವಣ ಕೊಟ್ಟರೂ ಎಲೆ ಸ್ಪಂದಿಸುತ್ತದೆ ಎಂಬ ಅರಿವು, ಅಂಗಾಂಶ ಕೃಷಿ ಎಂಬ ಮಾತು ಹುಟ್ಟುವುದಕ್ಕೆ ಮೊದಲೇ ಬಂದಿತ್ತು.

ಲವಣದ ಪಾಕವನ್ನು ಹದಕ್ಕೆ ತರಲು ಮಾತ್ರ ಬಹಳ ಕಾಲ ಹಿಡಿಯಿತು. 1902ರಲ್ಲಿ ಸಸ್ಯವಿಜ್ಞಾನಿ ಹೇಬರ್‌ಲಾಂಟ್ ಗಿಡದ ಬಿಡಿ ಕೋಶಗಳನ್ನು ಬೆಳೆಸಲು ಯತ್ನಿಸಿ ಸೋತನು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಆರ್ಕಿಡ್ ಬೀಜಗಳನ್ನು ಸಕ್ಕರೆಯುಳ್ಳ ಮಾಧ್ಯಮದ ಮೇಲೆ, ಶಿಲೀಂಧ್ರದ ನೆರವಿಲ್ಲದೆ ಮೊಳೆಸಿದನು. ಧೂಳಿನಂತಹ ಆ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರದ ದಾಸ್ತಾನಿಲ್ಲ ಎಂಬುದೇ ಅದರ ತೊಡಕು. ಆರ್ಕಿಡ್ ಭ್ರೂಣಗಳ ರಚನೆಯನ್ನು ಕುರಿತು 1940ರ ದಶಕದಲ್ಲಿ ಜಗತ್ತೇ ಗಮನಿಸುವಂತಹ ಸಂಶೋಧನೆ ನಡೆಸಿದವರಲ್ಲಿ, ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಒಬ್ಬರು. ‘ಹಸುರು ಹೊನ್ನು’ವಿನ ಲೇಖಕರೆಂದು ಕನ್ನಡ ಓದುಗರು ಅವರನ್ನು ಬಲ್ಲಷ್ಟು ಭ್ರೂಣಶಾಸ್ತ್ರಜ್ಞರೆಂದು ಬಲ್ಲವರಲ್ಲ. ಕೊನೆಗೆ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದ ಸೂತ್ರ ಎಲ್ಲೆಡೆ ನೆಲೆಯೂರಿತು. ಅದರ ಒಂದು ಲೀಟರಿನಲ್ಲಿ 1650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್ ಇದೆ. 370 ಮಿಲಿಗ್ರಾಂ ಎಪ್ಸಂ ಉಪ್ಪು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, 1900 ಮಿಲಿಗ್ರಾಂನಷ್ಟು, ಹಿಂದೆ ಗೋಡೆಯ ಬುಡದ ಮಣ್ಣಿನಿಂದ ಬಸಿಯುತ್ತಿದ್ದ ಅದೇ ಪೆಟ್ಲುಪ್ಪು ಇದೆ.

ಬೆಂಗಳೂರಿನಲ್ಲಿ ಈ ವಿದ್ಯೆ ಬೇರೂರಿದ್ದು ಕೀಟಾಹಾರಿ ಗಿಡಗಳಿಗಾಗಿ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀ ಸೀತಾ ಮತ್ತು ಸಹೋದ್ಯೋಗಿಗಳು 1979ರಲ್ಲಿ ಶ್ರೀಗಂಧದ ಅಂಗಾಂಶದಿಂದ ಭ್ರೂಣದಂತಹ ರಚನೆಗಳನ್ನೂ ಸಸಿಗಳನ್ನೂ ಪಡೆದರು. ತೋಟಗಾರಿಕೆ ಇಲಾಖೆ ಹುಳಿಮಾವಿನಲ್ಲಿ ಜೈವಿಕ ತಂತ್ರಜ್ಞಾನ ಕೇಂದ್ರವನ್ನು ನಡೆಸಿತು. ಬಾಳೆಯ ಅಂಗಾಂಶ ಸಸಿ ರೈತರ ನಿತ್ಯದ ಮಾತಾಯಿತು. ಕೀಟಾಹಾರಿಗಳ ಸರದಿ ಬಂದದ್ದು ನೆರೆಯ ಕೇರಳದಲ್ಲಿ. ಮೇಘಾಲಯದ ಹೂಜಿ ಗಿಡ ನೆಪೆಂತಿಸ್ ಖಾಸಿಯಾನವನ್ನು ಪಾಲೋಡಿನ ಉಷ್ಣವಲಯದ ಸಸ್ಯೋದ್ಯಾನದ ಲತಾ ಮತ್ತು ಸೀನಿ ಪ್ರಯೋಗಾಲಯದಲ್ಲಿ ಕವಲೊಡೆಸಿ ಹೆಚ್ಚಿಸಿದ ವಿವರ 1994ರಲ್ಲಿ ಪ್ರಕಟವಾಯಿತು. ಕಾಡಿನಿಂದ ಕಿತ್ತು ಮಾರುವವರಿಂದಲೂ ಆ ಗಿಡ ಅಳಿವಿನಂಚಿಗೆ ಬಂದಿದ್ದು, ಅಂತರರಾಷ್ಟ್ರೀಯ ವ್ಯಾಪಾರದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಸೇರಿರುವುದರಿಂದ, ಬಾಟಲಿಯಲ್ಲಿ ಬೆಳೆದ ಸಸಿಗೆ ಹವ್ಯಾಸವನ್ನು ಮೀರಿದ ಬೆಲೆಯಿದೆ.

ಈ ವಿಧಾನ ಮನೆಯೊಳಕ್ಕೆ ಇಳಿದು ಬರಲು ಸಾಧ್ಯವಾದದ್ದು ಅದರ ಸಲಕರಣೆಗಳಿಗೆ ಅಡುಗೆಮನೆಯಲ್ಲಿಯೇ ಬದಲಿಗಳಿದ್ದುದರಿಂದ. ಪ್ರಯೋಗಾಲಯದ ಆಟೊಕ್ಲೇವು 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಚದರ ಅಂಗುಲಕ್ಕೆ 15 ಪೌಂಡು ಒತ್ತಡದಲ್ಲಿ ಮಾಡುವ ಕೆಲಸವನ್ನು ಪ್ರೆಷರ್ ಕುಕ್ಕರು ಹೆಚ್ಚು ಕಡಿಮೆ ಅದೇ ಒತ್ತಡದಲ್ಲಿ ಮಾಡುತ್ತದೆ. ಮಾಧ್ಯಮವನ್ನು ಗಟ್ಟಿಯಾಗಿಸುವ ಅಗರ್, ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸಲ್ಲದೆ ಬೇರೆಯಲ್ಲ. ಕಡಲಪಾಚಿಯಿಂದ ಬರುವ ಈ ಅಗರ್ ಮಲಯ ಭಾಷೆಯ ಮಾತು. ಸಾಣಿಕಟ್ಟೆಯ ಉಪ್ಪಿನ ಆಗರಕ್ಕೂ ಅದಕ್ಕೂ ನಂಟಿಲ್ಲ, ಕಿವಿಗೆ ಹಾಗೆ ಕೇಳಿಸುತ್ತದೆ ಅಷ್ಟೆ. ಲೀಟರಿಗೆ 30 ಗ್ರಾಂ ಸಕ್ಕರೆ, ಬೀಜವನ್ನು ತೊಳೆಯಲು ನೀರು ಬೆರೆಸಿದ ಬ್ಲೀಚು, ಜಾಮಿನ ಖಾಲಿ ಬಾಟಲಿ, ಗಾಳಿಯಾಡದ ಪಾರದರ್ಶಕ ಪೆಟ್ಟಿಗೆ, ಇವಿಷ್ಟು ಕೂಡಿದರೆ ಉಳಿಯುವ ಕಷ್ಟವೆಂದರೆ ಕೈಯ ಶುದ್ಧಿ ಮತ್ತು ತಾಳ್ಮೆ. ಬಾಟಲಿಯ ಬಾಯಿ ತೆರೆದ ಅರೆಕ್ಷಣದಲ್ಲಿ ಒಳಹೊಕ್ಕ ಒಂದು ಬೂಷ್ಟಿನ ಕಣ ವಾರದೊಳಗೆ ಎಲ್ಲವನ್ನೂ ಮುಚ್ಚಿಹಾಕಬಲ್ಲದು.

ಆದರೆ ತಂಬಾಕಿಗೆ ಹೊಂದಿದ ಪಾಕ ಡ್ರಾಸೆರಾಕ್ಕೆ ಅತಿಯಾಗುತ್ತದೆ. ಆದುದರಿಂದ ಡ್ರಾಸೆರಾವನ್ನೂ, ಕಚ್ಚಿ ಹಿಡಿಯುವ ಎಲೆಯ ವೀನಸ್ ಫ್ಲೈಟ್ರಾಪನ್ನೂ ಬೆಳೆಸುವವರು ಲವಣಗಳನ್ನು ಅರ್ಧಕ್ಕೋ ಮೂರನೆಯ ಒಂದು ಪಾಲಿಗೋ ಇಳಿಸುತ್ತಾರೆ. ವಿಚಿತ್ರವೆಂದರೆ, ಬಾಟಲಿಯೊಳಗೆ ಹಿಡಿಯಲು ಒಂದು ನುಸಿಯೂ ಇಲ್ಲದಿದ್ದರೂ, ಬೇಕಾದ ಸಾರಜನಕವೆಲ್ಲ ಬುಡದಲ್ಲಿಯೇ ದೊರಕುತ್ತಿದ್ದರೂ ಪುಟ್ಟ ಡ್ರಾಸೆರಾ ತನ್ನ ರೋಮಗಳನ್ನೂ ಅವುಗಳ ತುದಿಯ ಅಂಟು ಹನಿಯನ್ನೂ ಬಿಡದೆ ತೊಡುತ್ತದೆ.

ಬಾಟಲಿಯಿಂದ ಹೊರಗೆ ಬಂದ ಸಸಿಗೆ ಬೆಂಗಳೂರಿನಲ್ಲಿ ಎದುರಾಗುವ ಮೊದಲ ಅಡ್ಡಿಯೂ ಉಪ್ಪೇ. ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗದಲ್ಲಿ ಹಿಂದಿದ್ದ ಧರ್ಮಾಂಬುಧಿ ಕೆರೆ ಬತ್ತಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1974ರಲ್ಲಿ ಕಾವೇರಿಯಿಂದ ಕೊಳಾಯಿ ನೀರು ಬಂದಿತಾದರೂ ನಗರದ ಎಷ್ಟೋ ಮನೆಗಳು ಇಂದಿಗೂ ಕೊಳವೆಬಾವಿಯ ಗಡಸು ನೀರನ್ನು ನೆಚ್ಚಿವೆ. ಲೀಟರಿಗೆ 50 ಮಿಲಿಗ್ರಾಮಿಗಿಂತ ಹೆಚ್ಚು ಕರಗಿದ ಲವಣವಿರುವ ನೀರನ್ನು ಈ ಗಿಡಗಳಿಗೆ ಹಾಕಬಾರದೆಂಬುದು ಬೆಳೆಸುವವರ ರೂಢಿ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಮಳೆನೀರಿನ ಸಂಗ್ರಹವನ್ನು ಕಡ್ಡಾಯ ಮಾಡಿದಾಗ ಡ್ರಾಸೆರಾ ಯಾರ ಮನಸ್ಸಿನಲ್ಲಿಯೂ ಇದ್ದಿರಲಾರದು. ಆದರೂ ತಾರಸಿಯಿಂದ ಇಳಿದು ತೊಟ್ಟಿ ಸೇರುವ ಆ ಸಪ್ಪೆ ನೀರೇ ಅದಕ್ಕೆ ಹಿತ. ಬೇರಿಗೆ ಮೆತ್ತಿದ ಅಗರನ್ನು ಆ ನೀರಿನಲ್ಲಿ ಪೂರ್ತಿ ತೊಳೆಯದಿದ್ದರೆ ಉಳಿದ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ಮಾರ್ಚಿ ಏಪ್ರಿಲ್ ತಿಂಗಳ ಒಣಗಾಳಿ ತಡೆಯದು; ಆದುದರಿಂದ ಸಸಿಯನ್ನು ಹೊರಗಿಳಿಸಲು ಮುಂಗಾರು ನೆಲೆಗೊಂಡ ತಿಂಗಳುಗಳೇ ಅನುಕೂಲ, ಆಗಲೂ ಕೆಲವು ವಾರ ಗಾಜನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಮುಚ್ಚಿ, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಸರಿಸುತ್ತ, ಅದನ್ನು ಹೊರಗಿನ ಗಾಳಿಗೆ ಒಗ್ಗಿಸಬೇಕಾಗುತ್ತದೆ.